ಎಲ್ಲ ಊತವೂ ಅಲರ್ಜಿಯಲ್ಲ: ಆರೋಗ್ಯ ಇಲಾಖೆಯ ಆಯುಕ್ತರಿಗೆ ಒಂದು ಬಹಿರಂಗ ಪತ್ರ

ಆಯುಕ್ತರು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸೇವೆಗಳು,
ಕರ್ನಾಟಕ ಸರ್ಕಾರ, ಬೆಂಗಳೂರು

ಮಾನ್ಯರೇ,

ನಮಸ್ಕಾರ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಿಮಗೆ ದಿನಕ್ಕೆ ಎಷ್ಟೋ ಪತ್ರ ಬರುತ್ತವೆ. ಕೊನೆಯವರೆಗೆ ಓದಲು ಬಿಡುವಾಗದಿದ್ದರೂ ಇಷ್ಟಾದರೂ ತಲುಪಲಿ. ಬ್ರಾಡಿಕೈನಿನ್ ಎಂಬ, ನಮ್ಮ ರಕ್ತದಲ್ಲೇ ಹುಟ್ಟುವ ವಸ್ತುವಿನಿಂದ ಬರುವ ಊತಕ್ಕೆ ಕೊಡುವ ಔಷಧ ಪ್ರತಿ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಾದರೂ ಹಗಲು ರಾತ್ರಿ ಸಿಗುವಂತೆ ಮಾಡಿ. ಈ ಊತಕ್ಕೆ ಅಲರ್ಜಿಯ ಔಷಧ ನಾಟುವುದಿಲ್ಲ ಎನ್ನುವುದು ತುರ್ತು ವಿಭಾಗದ ಪ್ರತಿ ಡಾಕ್ಟರಿಗೂ ನರ್ಸಿಗೂ ಗೊತ್ತಿರುವಂತೆ ನೋಡಿಕೊಳ್ಳಿ.

ನಾನು ತುಮಕೂರು ಜಿಲ್ಲೆಯವಳು. ಮೆಡಿಕಲ್ ಲ್ಯಾಬ್ ಟೆಕ್ನಿಷಿಯನ್. ರಕ್ತದ ಸ್ಯಾಂಪಲ್ ತೆಗೆಯುವುದು, ಟೆಸ್ಟ್ ಮಾಡುವುದು, ರಿಪೋರ್ಟ್ ಕೊಡುವುದು ನನ್ನ ಹೊಟ್ಟೆಪಾಡು. ನಮ್ಮ ಯಜಮಾನರಿಗೂ ಮಗಳಿಗೂ ಹೆರಿಡಿಟರಿ ಆಂಜಿಯೋಎಡಿಮಾ ಎಂಬ ಕಾಯಿಲೆ ಇದೆ. ಚಿಕ್ಕದಾಗಿ ಎಚ್‌ಎಇ ಎನ್ನುತ್ತಾರೆ. ವಂಶದಲ್ಲಿ ಬರುವಂಥದ್ದು. ಅತ್ತೆಯವರಿಂದ ನಮ್ಮ ಯಜಮಾನರಿಗೆ ಬಂತು, ನಾದಿನಿಗೆ ಬಂತು, ಈಗ ಮಗಳಿಗೆ ಬಂದಿದೆ. ಅತ್ತೆಯವರ ತಮ್ಮನಿಗೂ ಇದೇ ಇತ್ತು ಎನ್ನುವುದು ಅವರು ತೀರಿಕೊಂಡು ಎಷ್ಟೋ ವರ್ಷಗಳ ಮೇಲೆ ನಮಗೆ ಅರ್ಥವಾಯಿತು.

ಈ ಊತದ ಚಹರೆಯೇ ಬೇರೆ. ತುರಿಕೆ ಇರುವುದಿಲ್ಲ. ಗಂಧೆ ಏಳುವುದಿಲ್ಲ. ಬೆಳಗ್ಗೆ ಬೆರಳು ಜುಮುಜುಮು ಎನ್ನುತ್ತದೆ. ಮಧ್ಯಾಹ್ನಕ್ಕೆ ಅಂಗೈ ಮಡಚಲು ಬರುವುದಿಲ್ಲ. ಸಂಜೆಗೆ ಚರ್ಮ ಬಿಗಿದು ಹೊಳೆಯುತ್ತದೆ, ತುತ್ತು ಕಲಸಲೂ ಆಗುವುದಿಲ್ಲ. ಒಂದು ಸಲ ಮಗಳ ಬೆರಳಿನ ಉಂಗುರ ಮಾಂಸದೊಳಗೆ ಹೂತುಹೋಯಿತು. ಸೋಪು ಹಚ್ಚಿದೆವು, ಎಣ್ಣೆ ಹಚ್ಚಿದೆವು, ದಾರ ಸುತ್ತಿ ಎಳೆದೆವು. ಜಗ್ಗಲಿಲ್ಲ. ಕೊನೆಗೆ ಅಕ್ಕಸಾಲಿಗರ ಅಂಗಡಿಗೆ ಓಡಿದೆವು. ಅವರು ಬೆರಳಿಗೂ ಉಂಗುರಕ್ಕೂ ನಡುವೆ ತೆಳ್ಳನೆಯ ತಗಡು ತೂರಿಸಿ ಕತ್ತರಿಸಿ ತೆಗೆದರು. ಅಷ್ಟರಲ್ಲಿ ಬೆರಳ ತುದಿ ನೀಲಿ ತಿರುಗಿತ್ತು. ಇಂಥ ಊತ ಎರಡರಿಂದ ಐದು ದಿನ ಇದ್ದು ತಾನಾಗಿ ಇಳಿಯುತ್ತದೆ. ತಾನಾಗಿ ಇಳಿಯುವುದರಿಂದಲೇ ಜನ ನಿರ್ಲಕ್ಷ್ಯ ಮಾಡುತ್ತಾರೆ.

ಹೊಟ್ಟೆಗೆ ಬಂದರೆ ಹೊರಗೆ ಏನೂ ಕಾಣುವುದಿಲ್ಲ. ಒಳಗೆ ಕರುಳಿನ ಗೋಡೆ ಊದಿರುತ್ತದೆ. ನೋವು, ವಾಂತಿ, ಬಿಪಿ ಇಳಿಯುವುದು. ನಾದಿನಿಗೆ ಹೆಚ್ಚಾಗಿ ಮುಟ್ಟಿನ ಆಸುಪಾಸಿನಲ್ಲಿ ಬರುತ್ತಿತ್ತು. ಮೊದಲು ಗ್ಯಾಸ್ಟ್ರಿಕ್ ಎಂದರು. ಆಮೇಲೆ ಅಪೆಂಡಿಕ್ಸ್ ಎಂದು ಆಪರೇಷನ್ ಮಾಡಿದರು. ತೆಗೆದ ಅಪೆಂಡಿಕ್ಸ್‌ನಲ್ಲಿ ಏನೂ ದೋಷ ಇರಲಿಲ್ಲ. ನೋವು ಮತ್ತೆ ಬಂತು. ಮುಟ್ಟು ಸರಿಯಾಗಲಿ ಎಂದು ಈಸ್ಟ್ರೋಜನ್ ಇರುವ ಮಾತ್ರೆ ಬರೆದುಕೊಟ್ಟರು. ಅದರಿಂದ ಅಟ್ಯಾಕ್‌ಗಳು ಇನ್ನೂ ಜಾಸ್ತಿಯಾದವು. ಈಸ್ಟ್ರೋಜನ್ ಈ ಕಾಯಿಲೆಯನ್ನು ಕೆರಳಿಸುತ್ತದೆ ಎಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೊನೆಗೆ ಒಬ್ಬರು ಇದೆಲ್ಲ ಮನಸ್ಸಿನದು, ಮದುವೆ ಮಾಡಿ ಸರಿಹೋಗುತ್ತದೆ ಎಂದೂ ಹೇಳಿದರು. ಆ ಮಾತು ಅವಳಿಗೆ ಆಪರೇಷನ್ನಿಗಿಂತ ಹೆಚ್ಚು ನೋವು ಕೊಟ್ಟಿದೆ.

ಗಂಟಲಿಗೆ ಬಂದರೆ ಮಾತ್ರ ತಾನಾಗಿ ಇಳಿಯುವವರೆಗೆ ಕಾಯುವ ಹಾಗಿಲ್ಲ. ಎಚ್‌ಎಇ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಗಂಟಲಿನ ಅಟ್ಯಾಕ್ ಆಗುತ್ತದೆ. ಅತ್ತೆಯವರ ತಮ್ಮ ಒಂದು ದವಡೆ ಹಲ್ಲು ಕೀಳಿಸಿಕೊಂಡು ಮನೆಗೆ ಬಂದಿದ್ದರು. ರಾತ್ರಿ ಊಟ ಬೇಡ, ನುಂಗಲು ಆಗುತ್ತಿಲ್ಲ ಎಂದರು. ಧ್ವನಿ ಒಡೆಯಿತು. ಬೆಳಗಾಗುವುದರೊಳಗೆ ಹೋದರು. ಹಲ್ಲು ಕಿತ್ತ ಡಾಕ್ಟರೇ ಏನೋ ಮಾಡಿದರು ಎಂದು ಊರೆಲ್ಲ ಬೈಯಿತು. ಹಲ್ಲು ಕೀಳುವಾಗ ಆಗುವ ಗಾಯವೇ ಈ ಕಾಯಿಲೆಯವರಿಗೆ ಎಷ್ಟೋ ಗಂಟೆಗಳ ನಂತರ ಗಂಟಲಿನ ಊತ ತರಬಲ್ಲದು ಎಂದು ಬೈದವರಿಗೂ ಗೊತ್ತಿರಲಿಲ್ಲ, ಬೈಸಿಕೊಂಡವರಿಗೂ ಗೊತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಗಂಟಲಿನ ಅಟ್ಯಾಕ್ ಆದ ರಾತ್ರಿ ನಾವು ಹತ್ತಿರದ ಆಸ್ಪತ್ರೆಗೆ ಹೋದೆವು. ಅಷ್ಟು ಹೊತ್ತಿಗೆ ನಮಗೆ ಕಾಯಿಲೆಯ ಹೆಸರು ಗೊತ್ತಾಗಿತ್ತು, ರಿಪೋರ್ಟು ಕೈಯಲ್ಲಿತ್ತು. ಡ್ಯೂಟಿಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಮುಖ ನೋಡಿದ ತಕ್ಷಣ ಅಲರ್ಜಿ ಎಂದು ಅವಿಲ್, ಹೈಡ್ರೋಕಾರ್ಟಿಸೋನ್, ಅಡ್ರಿನಲಿನ್ ಎಲ್ಲ ಕೊಟ್ಟರು. ಅರ್ಧ ಗಂಟೆ ನೋಡೋಣ ಎಂದರು. ಊತ ಇಳಿಯಲಿಲ್ಲ. ಇನ್ನೊಂದು ಡೋಸ್ ಕೊಟ್ಟರು. ನಾನು ರಿಪೋರ್ಟು ತೋರಿಸಿದೆ. ಅವರು ಅದನ್ನು ಎರಡು ಸಲ ಓದಿದರು. ಓದಿ, ‘ಮೇಡಂ, ಇದಕ್ಕೆ ಕೊಡುವಂಥದ್ದು ನಮ್ಮಲ್ಲಿ ಏನೂ ಇಲ್ಲ’ ಎಂದರು. 108ರಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಅರಿವಳಿಕೆ ಡಾಕ್ಟರು ಪಕ್ಕದಲ್ಲೇ ಟ್ಯೂಬು ಹಿಡಿದು ನಿಂತರು, ಎಫ್‌ಎಫ್‌ಪಿ, ಅಂದರೆ ದಾನಿಗಳ ರಕ್ತದ ತಿಳಿ ಭಾಗವಾದ ಪ್ಲಾಸ್ಮಾವನ್ನು ಹಿಮಗಟ್ಟಿಸಿ ಇಟ್ಟದ್ದನ್ನು, ಕರಗಿಸಿ ಹಾಕಿದರು. ನಮ್ಮ ಯಜಮಾನರು ಉಳಿದುಕೊಂಡರು. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಆ ಡಾಕ್ಟರಿಗೆ ಕಲಿಸಿದ್ದು ಅಲರ್ಜಿಯ ಊತದ ಪಾಠ. ಅವರ ಕಪಾಟಿನಲ್ಲಿದ್ದದ್ದು ಅಲರ್ಜಿಯ ಔಷಧ. ಬೇರೆ ಪಾಠ, ಬೇರೆ ಔಷಧ ಎರಡನ್ನೂ ಅಲ್ಲಿಗೆ ತಲುಪಿಸಬಲ್ಲವರು ನೀವು. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ.

ಹಾಗಾದರೆ ಈ ಊತ ಬರುವುದು ಎಲ್ಲಿಂದ? ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದು ತಿಳಿದರೆ ಅವಿಲ್ ಯಾಕೆ ನಾಟುವುದಿಲ್ಲ ಎನ್ನುವುದು ತಾನಾಗಿ ತಿಳಿಯುತ್ತದೆ.

ನಮ್ಮ ರಕ್ತದಲ್ಲಿ ಕೈನಿನೋಜನ್ ಎಂಬ ಪ್ರೋಟೀನ್ ಓಡಾಡುತ್ತಿರುತ್ತದೆ. ಅದರ ದೊಡ್ಡ ರೂಪದಲ್ಲಿ 600ಕ್ಕೂ ಹೆಚ್ಚು ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿವೆ. ಉದ್ದನೆಯ ಸರದಿಂದ ಕೆಲವೇ ಮಣಿ ಕತ್ತರಿಸಿ ತೆಗೆದ ಹಾಗೆ, ಕ್ಯಾಲಿಕ್ರೀನ್ ಎಂಬ ಕಿಣ್ವ ಅದರ ನಡುವಿನಿಂದ ಬರೀ 9 ಅಮೈನೋ ಆಮ್ಲಗಳ ಒಂದು ತುಣುಕನ್ನು ಕತ್ತರಿಸುತ್ತದೆ. ಆ ತುಣುಕೇ ಬ್ರಾಡಿಕೈನಿನ್. ಸರದಲ್ಲಿ ಇರುವಷ್ಟು ಹೊತ್ತು ಅದು ಸುಮ್ನೆ ಇರುತ್ತದೆ. ಬಿಡುಗಡೆಯಾದ ಕೂಡಲೇ ರಕ್ತನಾಳದ ಒಳಗೋಡೆಯ ಜೀವಕೋಶಗಳ ಮೇಲಿರುವ ಬಿ2 ಎಂಬ ಗ್ರಾಹಕಕ್ಕೆ ಹೋಗಿ ಅಂಟಿಕೊಳ್ಳುತ್ತದೆ. ನಾಳ ಹಿಗ್ಗುತ್ತದೆ. ಜೀವಕೋಶಗಳ ನಡುವೆ ಸಂದು ಬಿಡುತ್ತದೆ. ಆ ಸಂದಿನಿಂದ ನೀರಿನಂಶ ಹೊರಗೆ ಸೋರಿ ಚರ್ಮದಡಿ, ಕರುಳಿನಲ್ಲಿ, ಗಂಟಲಿನಲ್ಲಿ ತುಂಬುತ್ತದೆ. ಇದೇ ಊತ.

ಗಾಯವಾದಾಗ ಸ್ವಲ್ಪ ಊತ, ನೋವು ಬರುವುದು ಎಲ್ಲರಿಗೂ ಇದ್ದದ್ದೇ. ಅದರಲ್ಲಿ ಬ್ರಾಡಿಕೈನಿನ್‌ನ ಪಾಲೂ ಇದೆ. ಇದೇ ತುಣುಕು ರಕ್ತನಾಳದ ಗೋಡೆಯಿಂದ ಟಿಪಿಎ ಎಂಬ ವಸ್ತುವನ್ನು ಹೊರಡಿಸುತ್ತದೆ. ಹೆಪ್ಪು ಕರಗಿಸುವುದು ಟಿಪಿಎ ಕೆಲಸ. ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಹೆಪ್ಪು ಕರಗಿಸಲು ಕೊಡುವ ಇಂಜೆಕ್ಷನ್ ಇದರದೇ ಜಾತಿಯದು. ಅಂದರೆ ಉರಿಯೂತವನ್ನೂ ರಕ್ತ ಹೆಪ್ಪುಗಟ್ಟುವುದನ್ನೂ ಒಟ್ಟಿಗೆ ಮುಟ್ಟುವ ತುಣುಕು ಇದು. ಹೊರಬಂದ ಮೇಲೆ ರಕ್ತದಲ್ಲಿ ಇದರ ಆಯುಸ್ಸು ಸೆಕೆಂಡುಗಳ ಲೆಕ್ಕ. ಅದಕ್ಕೇ ಎಮರ್ಜೆನ್ಸಿಯಲ್ಲಿ ರಕ್ತ ತೆಗೆದು ಬ್ರಾಡಿಕೈನಿನ್ ಎಷ್ಟಿದೆ ಎಂದು ಅಳೆಯಲು ಆಗುವುದಿಲ್ಲ. ಡಾಕ್ಟರು ಲಕ್ಷಣ ನೋಡಿ, ಮನೆತನದ ಕತೆ ಕೇಳಿ ತೀರ್ಮಾನ ಮಾಡಬೇಕು.

ನಾನು ಲ್ಯಾಬಿನಲ್ಲಿ ಎಪಿಟಿಟಿ ಎಂಬ ಟೆಸ್ಟ್ ಮಾಡುತ್ತೇನೆ. ಆಪರೇಷನ್ನಿಗೆ ಮುಂಚೆ ಮಾಡಿಸುತ್ತಾರಲ್ಲ, ಅದು. ನೀಲಿ ಕ್ಯಾಪಿನ ಟ್ಯೂಬಿನಲ್ಲಿ ಬಂದ ರಕ್ತವನ್ನು ಸೆಂಟ್ರಿಫ್ಯೂಜಿಗೆ ಹಾಕಿ ಪ್ಲಾಸ್ಮಾ ಬೇರೆ ಮಾಡುತ್ತೇವೆ. ಅದಕ್ಕೆ ರೀಏಜೆಂಟ್ ಹಾಕಿ, 37 ಡಿಗ್ರಿಯಲ್ಲಿ ಇಟ್ಟು, ಕ್ಯಾಲ್ಸಿಯಂ ಸೇರಿಸಿ, ಹೆಪ್ಪುಗಟ್ಟಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುತ್ತೇವೆ. ಆ ರೀಏಜೆಂಟಿನಲ್ಲಿ ಸಿಲಿಕಾ ಅಥವಾ ಜೇಡಿಮಣ್ಣಿನಂಥ ಪುಡಿ ಇರುತ್ತದೆ. ಪ್ಲಾಸ್ಮಾದಲ್ಲಿರುವ ಫ್ಯಾಕ್ಟರ್ 12 ಎಂಬ ಪ್ರೋಟೀನ್ ಆ ಪುಡಿಗೆ ತಾಗಿದ ಕೂಡಲೇ ಎಚ್ಚರವಾಗುತ್ತದೆ. ಅದು ಪ್ರೀಕ್ಯಾಲಿಕ್ರೀನ್ ಎಂಬ ಇನ್ನೂ ಕೆಲಸ ಶುರು ಮಾಡದ ರೂಪವನ್ನು ಕ್ಯಾಲಿಕ್ರೀನ್ ಮಾಡುತ್ತದೆ. ಕ್ಯಾಲಿಕ್ರೀನ್ ತಿರುಗಿ ಇನ್ನಷ್ಟು ಫ್ಯಾಕ್ಟರ್ 12ನ್ನು ಎಬ್ಬಿಸುತ್ತದೆ. ಕೈನಿನೋಜನ್ ಈ ಎರಡನ್ನೂ ಹತ್ತಿರ ತರುವ ಕೆಲಸ ಮಾಡುತ್ತದೆ. ಕೈನಿನೋಜನ್ ಇಲ್ಲದ ಪ್ಲಾಸ್ಮಾ ಆದರೆ ಟೈಮರ್ ಓಡುತ್ತಲೇ ಇರುತ್ತದೆ, ಹೆಪ್ಪು ಬೇಗ ಕಾಣುವುದೇ ಇಲ್ಲ.

ವಿಚಿತ್ರ ಏನೆಂದರೆ, ಟ್ಯೂಬಿನಲ್ಲಿ ಇಷ್ಟು ಮುಖ್ಯವಾದ ಈ ಮೂವರಲ್ಲಿ ಒಬ್ಬರು ಇಲ್ಲದಿದ್ದರೂ ಮನುಷ್ಯನಿಗೆ ರಕ್ತಸ್ರಾವದ ತೊಂದರೆ ಬರುವುದಿಲ್ಲ. 1955ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ಆಸ್ಕರ್ ರ‍್ಯಾಟ್ನಾಫ್ ಎಂಬ ಡಾಕ್ಟರು ಜಾನ್ ಹೇಗ್‌ಮನ್ ಎಂಬ ರೈಲ್ವೆ ಕೆಲಸಗಾರರ ಬಗ್ಗೆ ಬರೆದರು. ಆಪರೇಷನ್ನಿಗೆ ಮುಂಚೆ ಟೆಸ್ಟ್ ಮಾಡಿದಾಗ ಅವರ ರಕ್ತ ಗಾಜಿನ ಟ್ಯೂಬಿನಲ್ಲಿ ಹೆಪ್ಪುಗಟ್ಟಲು ವಿಪರೀತ ಹೊತ್ತು ತೆಗೆದುಕೊಂಡಿತ್ತು. ಅವರಲ್ಲಿ ಇಲ್ಲದ್ದು ಫ್ಯಾಕ್ಟರ್ 12. ಆದರೆ ಜೀವನದಲ್ಲಿ ಅವರಿಗೆ ರಕ್ತಸ್ರಾವದ ಕಾಟವೇ ಇರಲಿಲ್ಲ. 1968ರಲ್ಲಿ ಅವರು ತೀರಿಕೊಂಡದ್ದು ಮೂಳೆ ಮುರಿದ ನಂತರ ಶ್ವಾಸಕೋಶಕ್ಕೆ ಹೋಗಿ ಕೂತ ರಕ್ತದ ಹೆಪ್ಪಿನಿಂದ. ನಾನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ (ಡಿಎಂಎಲ್‌ಟಿ) ಓದುವಾಗ ಈ ಸರಪಳಿಯನ್ನು ಬರೀ ಹೆಪ್ಪುಗಟ್ಟುವ ಲೆಕ್ಕಕ್ಕೆ ಬಾಯಿಪಾಠ ಮಾಡಿದ್ದೆ. ದೇಹದೊಳಗೆ ಇದರ ದೊಡ್ಡ ಕೆಲಸ ಬ್ರಾಡಿಕೈನಿನ್ ಬಿಡುಗಡೆ ಮಾಡುವುದು ಎನ್ನುವುದು ಮನೆಯಲ್ಲೇ ಕಾಯಿಲೆ ಬಂದ ಮೇಲೆ ಮನಸ್ಸಿಗೆ ಇಳಿಯಿತು.

ಈ ಸರಪಳಿ ಕೈಮೀರಿ ಹೋಗದಂತೆ ತಡೆಯುವ ಒಂದು ಪ್ರೋಟೀನ್ ಇದೆ, ಸಿ1 ಇನ್ಹಿಬಿಟರ್. ಅದು ಫ್ಯಾಕ್ಟರ್ 12ನ್ನೂ ಕ್ಯಾಲಿಕ್ರೀನನ್ನೂ ಹಿಡಿದು ನಿಲ್ಲಿಸುತ್ತದೆ. ಎಚ್‌ಎಇ ಇರುವ ಹೆಚ್ಚಿನವರಲ್ಲಿ ಇದರ ಒಂದು ಜೀನ್ ಕೆಟ್ಟಿರುತ್ತದೆ. ಸುಮಾರು 85 ಶೇಕಡಾ ಮಂದಿಯಲ್ಲಿ ಈ ಪ್ರೋಟೀನ್ ಕಡಿಮೆ ಇರುತ್ತದೆ. ಉಳಿದವರಲ್ಲಿ ಪ್ರಮಾಣ ಸರಿಯಿದ್ದರೂ ಕೆಲಸ ಮಾಡುವುದಿಲ್ಲ. ಜೀನ್ ಇರುವುದು 11ನೇ ಕ್ರೋಮೋಸೋಮಿನಲ್ಲಿ, ಆದ್ದರಿಂದ ಗಂಡು ಹೆಣ್ಣು ಎಂಬ ಭೇದವಿಲ್ಲ. ಅಪ್ಪ ಅಮ್ಮನಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಸುಮಾರು ಕಾಲು ಭಾಗದಷ್ಟು ರೋಗಿಗಳಿಗೆ ಮನೆತನದಲ್ಲಿ ಯಾರಿಗೂ ಇಲ್ಲದೆ ಹೊಸದಾಗಿ ಬರುತ್ತದೆ. ಹಾಗಾಗಿ ‘ನಿಮ್ಮ ಮನೆಯಲ್ಲಿ ಯಾರಿಗಾದರೂ ಇದೆಯಾ’ ಎಂದು ಕೇಳಿ, ಇಲ್ಲ ಎಂದ ಕೂಡಲೇ ಕೈಬಿಡುವ ಹಾಗಿಲ್ಲ.

ಈಗ ನೋಡಿ. ಅಲರ್ಜಿಯ ಊತ ಹಿಸ್ಟಮಿನ್ ಎಂಬ ಬೇರೆಯೇ ವಸ್ತುವಿನಿಂದ ಬರುವುದು. ಅವಿಲ್ ತಡೆಯುವುದು ಹಿಸ್ಟಮಿನ್ನನ್ನು. ಇಲ್ಲಿ ಹಿಸ್ಟಮಿನ್‌ನ ಪಾತ್ರವೇ ಇಲ್ಲ. ಅವಿಲ್ ಆಗಲಿ, ಸ್ಟೀರಾಯ್ಡ್ ಆಗಲಿ, ಅಡ್ರಿನಲಿನ್ ಆಗಲಿ ಬ್ರಾಡಿಕೈನಿನ್‌ನ ದಾರಿಗೆ ಅಡ್ಡ ಬರುವುದಿಲ್ಲ. ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ. ಅಲರ್ಜಿಯೋ ಬ್ರಾಡಿಕೈನಿನ್ನೋ ಗೊತ್ತಾಗದಿದ್ದಾಗ ಅಡ್ರಿನಲಿನ್ ಕೊಡಲೇಬೇಕು. ಅಲರ್ಜಿಯಾಗಿದ್ದರೆ ಅದೇ ಜೀವ ಉಳಿಸುತ್ತದೆ. ನನ್ನ ಕೋರಿಕೆ ಅದಾದ ಮೇಲಿನದು. ಕೊಟ್ಟದ್ದು ಕೆಲಸ ಮಾಡದಿದ್ದರೆ ಅದನ್ನೇ ಮತ್ತೆ ಮತ್ತೆ ಕೊಡುತ್ತಾ ಕೂರಬಾರದು. ‘ಇದು ಬ್ರಾಡಿಕೈನಿನ್ ಇರಬಹುದು’ ಎಂಬ ಯೋಚನೆ ಆಗಲೇ ಬರಬೇಕು. ಉಸಿರಿನ ದಾರಿ ಕಾಪಾಡಲು ಬರುವವರನ್ನು ಆಗಲೇ ಕರೆಸಬೇಕು.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಅಟ್ಯಾಕ್ ಸಮಯದಲ್ಲಿ ಡಿ-ಡೈಮರ್, ಅಂದರೆ ಹೆಪ್ಪು ಕರಗುವಾಗ ರಕ್ತಕ್ಕೆ ಬರುವ ತುಣುಕು, ಏರುತ್ತದೆ. ಕೋವಿಡ್ ಬಂದ ಮೇಲೆ ಈ ಹೆಸರು ಎಲ್ಲರ ಬಾಯಲ್ಲೂ ಇದೆ. ಏರಿದ ನಂಬರ್ ನೋಡಿದ ಕೂಡಲೇ ಎಲ್ಲೋ ಹೆಪ್ಪುಗಟ್ಟಿದೆ ಎಂದು ಸ್ಕ್ಯಾನ್ ಕಡೆ ಓಡುತ್ತಾರೆ. ಹೊಟ್ಟೆನೋವಿನಲ್ಲಿ ಒದ್ದಾಡುವ ಎಚ್‌ಎಇ ರೋಗಿಗೆ ಅಲ್ಲೂ ಹೊತ್ತು ಹೋಗುತ್ತದೆ.

ಇದೇನೂ ಹೊಸ ಕಾಯಿಲೆ ಅಲ್ಲ. ಹೆಸರಾಂತ ಡಾಕ್ಟರು ವಿಲಿಯಂ ಓಸ್ಲರ್ 1888ರಲ್ಲೇ ಒಂದು ಕುಟುಂಬದ ಐದು ತಲೆಮಾರಿನ ಊತದ ಕತೆ ಬರೆದಿಟ್ಟಿದ್ದಾರೆ. ಸಿ1 ಇನ್ಹಿಬಿಟರ್ ಕೊರತೆಯೇ ಕಾರಣ ಎಂದು 1963ರಲ್ಲಿ ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ಇವಾನ್ಸ್ ತೋರಿಸಿಕೊಟ್ಟರು. ಔಷಧಗಳೂ ಇವೆ. ದಾನಿಗಳ ಪ್ಲಾಸ್ಮಾದಿಂದ ಬೇರ್ಪಡಿಸಿದ ಸಿ1 ಇನ್ಹಿಬಿಟರನ್ನು ನರಕ್ಕೆ ಕೊಡಬಹುದು. ಐಕ್ಯಾಟಿಬ್ಯಾಂಟ್ ಎಂಬ ಇನ್ನೊಂದು ಇಂಜೆಕ್ಷನ್ ಇದೆ. ಅದು ಬಿ2 ಗ್ರಾಹಕದ ಮೇಲೆ ತಾನೇ ಹೋಗಿ ಕೂತು ಬ್ರಾಡಿಕೈನಿನ್‌ಗೆ ಜಾಗ ಬಿಡುವುದಿಲ್ಲ. ದೊಡ್ಡವರಿಗೆ 30 ಮಿಲಿಗ್ರಾಂ, ಹೊಟ್ಟೆಯ ಚರ್ಮದಡಿ, ಇನ್ಸುಲಿನ್ ಚುಚ್ಚಿಕೊಳ್ಳುವ ಜಾಗದಲ್ಲೇ. ತುಂಬಿದ ಸಿರಿಂಜಿನಲ್ಲೇ ಬರುತ್ತದೆ. 25 ಡಿಗ್ರಿ ದಾಟದಂತೆ ಇಟ್ಟರೆ ಸಾಕು. ನಮ್ಮ ಬೇಸಿಗೆಗೆ ಫ್ರಿಜ್ಜಿನಲ್ಲಿಡಬಹುದು, ಫ್ರೀಜರಿನಲ್ಲಿ ಮಾತ್ರ ಇಡಬಾರದು. ಯುರೋಪಿನಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 2008ರಲ್ಲಿ, ಅಮೆರಿಕದಲ್ಲಿ 2011ರಲ್ಲಿ. 2019ರಿಂದ ಅಲ್ಲಿ ಜೆನೆರಿಕ್ ಕೂಡ ಬಂದಿದೆ. ಅಂತಾರಾಷ್ಟ್ರೀಯ ಮಾರ್ಗಸೂಚಿ ಏನು ಹೇಳುತ್ತದೆ ಗೊತ್ತೇ? ಪ್ರತಿ ರೋಗಿಯ ಬಳಿ ಕನಿಷ್ಠ ಎರಡು ಅಟ್ಯಾಕಿಗೆ ಆಗುವಷ್ಟು ಔಷಧ ಯಾವಾಗಲೂ ಇರಬೇಕು, ಹೋದಲ್ಲೆಲ್ಲ ಜೊತೆಗೆ ಒಯ್ಯಬೇಕು ಎನ್ನುತ್ತದೆ. ನಮ್ಮ ಮನೆಯ ಮಗಳು ಕಾಲೇಜಿಗೆ ಬ್ಯಾಗಿನಲ್ಲಿ ಒಯ್ಯುವುದು ರಿಪೋರ್ಟಿನ ಜೆರಾಕ್ಸ್.

ನಮ್ಮ ಕಡೆ ಸದ್ಯಕ್ಕೆ ನಡೆಯುತ್ತಿರುವುದು ಟ್ರಾನೆಕ್ಸಾಮಿಕ್ ಆಸಿಡ್, ಡ್ಯಾನಜಾಲ್, ಸ್ಟಾನೊಜೊಲಾಲ್ ಮಾತ್ರೆಗಳಲ್ಲಿ. ಇವು ಅಟ್ಯಾಕ್ ಬರುವುದನ್ನು ಕಡಿಮೆ ಮಾಡಲು. ಗಂಟಲು ಕಟ್ಟಿದಾಗ ನುಂಗಿ ಪ್ರಯೋಜನವಿಲ್ಲ. ಡ್ಯಾನಜಾಲ್ ಗಂಡು ಹಾರ್ಮೋನಿನ ಜಾತಿಯದು. ಬೆಳೆಯುವ ಮಕ್ಕಳಿಗೆ, ಗರ್ಭಿಣಿಯರಿಗೆ ಕೊಡುವ ಹಾಗಿಲ್ಲ. ಹೆಣ್ಣುಮಕ್ಕಳಿಗೆ ಮುಖದ ಮೇಲೆ ಕೂದಲು ಬರಬಹುದು, ಧ್ವನಿ ಗಡಸಾಗಬಹುದು. ಲಿವರ್ ಮೇಲೂ ಕಣ್ಣಿಡಬೇಕು. ಇನ್ನು ಎಫ್‌ಎಫ್‌ಪಿ. ನಮ್ಮ ಯಜಮಾನರನ್ನು ಉಳಿಸಿದ್ದು ಅದೇ, ಅದರ ಋಣ ನಮ್ಮ ಮೇಲಿದೆ. ಆದರೆ ಅದು ರಕ್ತನಿಧಿಯಲ್ಲಿ ಹಿಮಗಡ್ಡೆಯಾಗಿರುತ್ತದೆ. ಗ್ರೂಪ್ ನೋಡಬೇಕು, 37 ಡಿಗ್ರಿಯ ನೀರಿನಲ್ಲಿ ಕರಗಿಸಬೇಕು, ಆಮೇಲೆ ಹನಿ ಹನಿಯಾಗಿ ಹಾಕಬೇಕು. ಅದರಲ್ಲಿ ಸಿ1 ಇನ್ಹಿಬಿಟರ್ ಜೊತೆಗೆ ಕೈನಿನೋಜನ್ನೂ ಇರುವುದರಿಂದ ಅಪರೂಪಕ್ಕೆ ಊತ ಏರಿಬಿಡುವುದೂ ಉಂಟು. ಬೇರೇನೂ ಇಲ್ಲದ ಕಡೆ ಅದು ಬೇಕು. ಬೇರೆ ಇದ್ದರೆ ಅದು ಎರಡನೇ ಮಾತು.

‘ಇಷ್ಟು ಅಪರೂಪದ ಕಾಯಿಲೆಗೆ ಜಿಲ್ಲೆ ಜಿಲ್ಲೆಯಲ್ಲೂ ಔಷಧ ಇಡಬೇಕಾ?’ ಎಂದು ನಿಮ್ಮ ಕಚೇರಿಯಲ್ಲಿ ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಲೆಕ್ಕ ಹಾಕೋಣ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಎಚ್‌ಎಇ ಇರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದ ಜನಸಂಖ್ಯೆ 6.11 ಕೋಟಿ. ಆ ಲೆಕ್ಕಕ್ಕೆ 1,200ಕ್ಕೂ ಹೆಚ್ಚು ಮಂದಿ. 31 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ ಸರಾಸರಿ 40ರ ಹತ್ತಿರ. ಇವರಲ್ಲಿ ಎಷ್ಟೋ ಮಂದಿ ತಮಗೆ ಏನಾಗಿದೆ ಎಂದೇ ತಿಳಿಯದೆ ಅಲರ್ಜಿ ಮಾತ್ರೆ ನುಂಗಿಕೊಂಡು ಕೂತಿದ್ದಾರೆ.

ಎಚ್‌ಎಇ ಅಪರೂಪ ಇರಬಹುದು, ಬ್ರಾಡಿಕೈನಿನ್ ಊತ ಅಷ್ಟು ಅಪರೂಪವಲ್ಲ. ಬಿಪಿಗೆ, ಹೃದಯಕ್ಕೆ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್ ಮಾತ್ರೆಗಳನ್ನೇ ತೆಗೆದುಕೊಳ್ಳಿ. ಇವು ತಡೆಯುವ ಎಸಿಇ ಎಂಬ ಕಿಣ್ವವೇ ಬ್ರಾಡಿಕೈನಿನ್ನನ್ನೂ ಒಡೆಯುವುದು, ಅದನ್ನು ತಡೆದರೆ ಬ್ರಾಡಿಕೈನಿನ್ ಒಡೆಯದೆ ಉಳಿಯುತ್ತದೆ. ಈ ಜಾತಿಯ ಮಾತ್ರೆಗಳ ಮೂಲ ಬ್ರೆಜಿಲ್‌ನ ಒಂದು ಹಾವಿನ ವಿಷದಲ್ಲಿದೆ. ಬ್ರಾಡಿಕೈನಿನ್ ಮೊದಲು ಸಿಕ್ಕಿದ್ದೂ ಆ ಹಾವಿನಿಂದಲೇ. ಸಾವೊ ಪೌಲೊದಲ್ಲಿ ಮೌರಿಸಿಯೊ ರೋಶಾ ಇ ಸಿಲ್ವಾ ಮತ್ತು ಜೊತೆಗಾರರು ಜರರಾಕಾ ಎಂಬ ಮಂಡಲ ಜಾತಿಯ ಹಾವಿನ ವಿಷವನ್ನು ರಕ್ತದ ಪ್ಲಾಸ್ಮಾಕ್ಕೆ ಬೆರೆಸಿದಾಗ ಈ ವಸ್ತು ಹುಟ್ಟುವುದನ್ನು ಕಂಡು 1949ರಲ್ಲಿ ಪ್ರಕಟಿಸಿದರು. ಅವರ ಬಳಿ ಕಲಿತ ಸೆರ್ಜಿಯೊ ಫೆರೇರಾ 1965ರಲ್ಲಿ ಅದೇ ವಿಷದಲ್ಲಿ ಬ್ರಾಡಿಕೈನಿನ್‌ನ ಶಕ್ತಿ ಹೆಚ್ಚಿಸುವ ಪದಾರ್ಥ ಕಂಡುಹಿಡಿದರು. ಆ ದಾರಿಯಲ್ಲೇ ಸಾಗಿ ಕ್ಯಾಪ್ಟೊಪ್ರಿಲ್ ಬಂತು, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಕೋಟ್ಯಂತರ ಜನರ ಹೃದಯ ಕಾಪಾಡಿದ ಔಷಧದ ಜಾತಿ ಅದು. ಯಾರೂ ಹೆದರಿ ತಾವಾಗಿ ಮಾತ್ರೆ ಬಿಡಬಾರದು. ಆದರೆ ಈ ಮಾತ್ರೆ ನುಂಗುವ ಸಾವಿರ ಜನರಲ್ಲಿ ಒಬ್ಬರಿಂದ ಏಳು ಮಂದಿಗೆ ತುಟಿ, ನಾಲಿಗೆ, ಗಂಟಲು ಊದುತ್ತದೆ. ಮಾತ್ರೆ ಶುರು ಮಾಡಿ ವರ್ಷಗಳಾದ ಮೇಲೂ ಬರಬಹುದು. ಹಾಗಾಗಿ ಯಾರೂ ಮಾತ್ರೆಯನ್ನು ಅನುಮಾನಿಸುವುದಿಲ್ಲ. ನಿನ್ನೆ ತಿಂದ ಬದನೆಕಾಯಿಯನ್ನು ಅನುಮಾನಿಸುತ್ತಾರೆ. ಅವಿಲ್ ಕೊಟ್ಟು ಮನೆಗೆ ಕಳಿಸುತ್ತಾರೆ, ಅದೇ ಮಾತ್ರೆ ಮುಂದುವರಿಯುತ್ತದೆ. ನಾಲಿಗೆ ಊದಿ ಬಂದವರನ್ನು ‘ಬಿಪಿಗೆ ಯಾವ ಮಾತ್ರೆ ತಗೋತೀರಿ, ಚೀಟಿ ತೋರಿಸಿ’ ಎಂದು ಕೇಳುವ ಅಭ್ಯಾಸ ತುರ್ತು ವಿಭಾಗದಲ್ಲಿ ಬೆಳೆದರೆ ಸಾಕು, ಅದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ನಮ್ಮ ರಾಜ್ಯಕ್ಕೆ ಇಂಥ ಕೆಲಸ ಹೊಸದಲ್ಲ ಎನ್ನುವುದೇ ನನ್ನ ದೊಡ್ಡ ಭರವಸೆ. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆ ನೋಡಿ. ಅದೂ ವಂಶದಲ್ಲಿ ಬರುವುದು, ಅದೂ ರಕ್ತದ ಒಂದು ಪ್ರೋಟೀನ್ ಕೊರತೆ, ಅದಕ್ಕೂ ಔಷಧ ದುಬಾರಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯಂಥವರು ವರ್ಷಗಟ್ಟಲೆ ದುಡಿದರು, ಸರ್ಕಾರ ಕಿವಿಗೊಟ್ಟಿತು. ಇವತ್ತು ಸರ್ಕಾರಿ ಆಸ್ಪತ್ರೆಗಳಲ್ಲಿ ಹಿಮೋಫಿಲಿಯಾ ಇರುವವರಿಗೆ ಆ ಕೊರತೆ ತುಂಬುವ ಫ್ಯಾಕ್ಟರ್ ಔಷಧ ಉಚಿತವಾಗಿ ಸಿಗುತ್ತದೆ. ಆ ಫ್ರಿಜ್ಜು ಇದೆ, ಆ ರಿಜಿಸ್ಟರ್ ಇದೆ, ಅದನ್ನು ನೋಡಿಕೊಳ್ಳುವ ನರ್ಸು ಇದ್ದಾರೆ. ಅದೇ ಫ್ರಿಜ್ಜಿನ ಒಂದು ಮೂಲೆಯಲ್ಲಿ ಎರಡು ಮೂರು ಸಿರಿಂಜ್ ಐಕ್ಯಾಟಿಬ್ಯಾಂಟ್ ಅಥವಾ ಕೆಲವು ವಯಲ್ ಸಿ1 ಇನ್ಹಿಬಿಟರ್ ಇಡಿ ಎನ್ನುವುದೇ ನಮ್ಮ ಬೇಡಿಕೆ. ಹಾವು ಕಡಿತದ ಔಷಧವನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಇಟ್ಟಿರುತ್ತೇವಲ್ಲ, ಯಾರಿಗೆ ಯಾವತ್ತು ಬೇಕಾಗುತ್ತದೆ ಎಂದು ತಿಳಿದು ಇಡುವುದಿಲ್ಲ.

ಬಳಕೆಯಾಗದೆ ಎಕ್ಸ್‌ಪೈರಿ ಆಗಿಬಿಟ್ಟರೆ? ಅದಕ್ಕೂ ದಾರಿ ಇದೆ. ಎಚ್‌ಎಇ ಖಚಿತವಾದವರ ಪಟ್ಟಿ ಮಾಡಿ. ಮುಗಿಯಲು ಬಂದ ಡೋಸುಗಳನ್ನು ಹೆಚ್ಚು ರೋಗಿಗಳಿರುವ ಜಿಲ್ಲೆಗೆ ತಿರುಗಿಸಿ. ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಎಲ್ಲ ಜಿಲ್ಲೆಗೂ ಒಟ್ಟಿಗೆ ಟೆಂಡರ್ ಕರೆದರೆ ಬೆಲೆ ಮಾತಾಡುವ ಬಲವೂ ಬರುತ್ತದೆ. ಒಬ್ಬೊಬ್ಬ ರೋಗಿ ಒಂದೊಂದು ಸಿರಿಂಜಿಗೆ ಮೆಡಿಕಲ್ ಸ್ಟೋರಿನ ಮುಂದೆ ನಿಂತು ಕೇಳಿದರೆ ಆ ಬಲ ಬರುವುದಿಲ್ಲ.

ಅಪರೂಪದ ಕಾಯಿಲೆಗಳಿಗೆ ಕೇಂದ್ರದ್ದೇ ನೀತಿ ಇದೆಯಲ್ಲ ಎಂದು ಹೇಳುವವರಿದ್ದಾರೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿ ಒಳ್ಳೆಯದೇ. ಅದರ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಉತ್ಕೃಷ್ಟತಾ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಬೆಂಗಳೂರಿನಲ್ಲೂ ಅಂಥ ಕೇಂದ್ರ ಇದೆ. ಆದರೆ ಅದು ಅರ್ಜಿ ಹಾಕಿ, ಸಮಿತಿ ನೋಡಿ, ಮಂಜೂರಾಗುವ ದಾರಿ. ದೀರ್ಘಕಾಲದ ಚಿಕಿತ್ಸೆಗೆ ಆ ದಾರಿ ಬೇಕು. ರಾತ್ರಿ ಎರಡು ಗಂಟೆಗೆ ಗಂಟಲು ಕಟ್ಟಿದವರಿಗೆ ಹತ್ತಿರದ ಜಿಲ್ಲಾಸ್ಪತ್ರೆಯೇ ಬೇಕು.

ಪತ್ತೆ ಹಚ್ಚುವ ಬಗ್ಗೆ ನನ್ನ ಕಸುಬಿನ ಕಡೆಯಿಂದ ಒಂದು ಮಾತು. ಮೊದಲ ಹೆಜ್ಜೆ ರಕ್ತದಲ್ಲಿ ಸಿ4 ಎಂಬ ಪ್ರೋಟೀನ್ ಎಷ್ಟಿದೆ ಎಂದು ನೋಡುವ ಟೆಸ್ಟ್. ಸಿ1 ಇನ್ಹಿಬಿಟರ್ ಕೊರತೆ ಇರುವವರಲ್ಲಿ ಅಟ್ಯಾಕ್ ಇಲ್ಲದ ದಿನಗಳಲ್ಲೂ ಸಾಮಾನ್ಯವಾಗಿ ಸಿ4 ಕಡಿಮೆ ಇರುತ್ತದೆ. ಮಾಮೂಲಿ ಸೀರಮ್ ಸ್ಯಾಂಪಲ್ ಸಾಕು. ತುರಿಕೆಯಿಲ್ಲದ ಊತ ಪದೇ ಪದೇ ಬರುವವರಿಗೆ, ಕಾರಣ ಸಿಗದ ಹೊಟ್ಟೆನೋವಿನಿಂದ ಮತ್ತೆ ಮತ್ತೆ ಅಡ್ಮಿಟ್ ಆಗುವವರಿಗೆ ಈ ಟೆಸ್ಟ್ ಜಿಲ್ಲಾ ಮಟ್ಟದಲ್ಲೇ ಉಚಿತವಾಗಿ ಸಿಗಬೇಕು. ಕಡಿಮೆ ಬಂದರೆ ಸಿ1 ಇನ್ಹಿಬಿಟರ್ ಪ್ರಮಾಣ ಮತ್ತು ಕೆಲಸ ಎರಡನ್ನೂ ನೋಡಬೇಕು. ಕೆಲಸ ನೋಡುವ ಟೆಸ್ಟಿಗೆ ಪ್ಲಾಸ್ಮಾವನ್ನು ಬೇಗ ಬೇರ್ಪಡಿಸಿ ಫ್ರೀಜ್ ಮಾಡಿ ಕಳಿಸಬೇಕು. ಸ್ಯಾಂಪಲ್ಲು ಬಸ್ಸಿನಲ್ಲಿ ಬಿಸಿಲು ತಿಂದುಕೊಂಡು ಹೋದರೆ ಸುಳ್ಳು ರಿಪೋರ್ಟ್ ಬರುತ್ತದೆ. ನಾದಿನಿಯ ಮೊದಲ ರಿಪೋರ್ಟ್ ಹೊಂದಿಕೆಯಾಗದೆ ಎರಡನೇ ಸಲ ಮಾಡಿಸಬೇಕಾಯಿತು. ಜಿಲ್ಲಾ ಲ್ಯಾಬಿನಿಂದ ಬೆಂಗಳೂರಿಗೆ ತಣ್ಣಗೆ ಸ್ಯಾಂಪಲ್ ಕಳಿಸುವ ವ್ಯವಸ್ಥೆ ಬೇರೆ ಟೆಸ್ಟುಗಳಿಗೆ ಈಗಲೇ ಇದೆ. ಇದನ್ನೂ ಅದರಲ್ಲಿ ಸೇರಿಸಬಹುದು. ಒಬ್ಬರಿಗೆ ಖಚಿತವಾದರೆ ಅವರ ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ, ಮಕ್ಕಳಿಗೆಲ್ಲ ಟೆಸ್ಟ್ ಮಾಡಬೇಕು. ಒಂದು ವರ್ಷದೊಳಗಿನ ಕೂಸುಗಳಲ್ಲಿ ಫಲಿತಾಂಶ ನಂಬುವಂತಿರುವುದಿಲ್ಲ, ಅವರಿಗೆ ಆಮೇಲೆ ಮತ್ತೆ ಮಾಡಬೇಕು.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಲೇಬೇಕು. ಟೆಸ್ಟ್ ಮಾಡಿಸಿದರೆ ಮಗಳ ಮದುವೆಗೆ ತೊಂದರೆ ಎಂದು ಮುಚ್ಚಿಡುವ ಮನೆಗಳಿವೆ. ನಮ್ಮ ನೆಂಟರಲ್ಲೇ ಇದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ, ಅವರ ಹೆದರಿಕೆ ಸುಳ್ಳೂ ಅಲ್ಲ. ಔಷಧ ಹತ್ತಿರದಲ್ಲಿ ಸಿಗುತ್ತದೆ, ಇದು ನಿಭಾಯಿಸಬಹುದಾದ ಕಾಯಿಲೆ ಎಂದು ಜನಕ್ಕೆ ಕಣ್ಣಿಗೆ ಕಾಣುವಂತಾದರೆ ಮುಚ್ಚಿಡುವುದು ತಾನಾಗಿ ಕಡಿಮೆಯಾಗುತ್ತದೆ. ಈಸ್ಟ್ರೋಜನ್ ಇರುವ ಮಾತ್ರೆ ಇವರಿಗೆ ಬೇಡ ಎನ್ನುವುದು ಸ್ತ್ರೀರೋಗ ತಜ್ಞರಿಗೂ, ಕುಟುಂಬ ಯೋಜನೆಯ ಮಾತ್ರೆ ಹಂಚುವ ಆಶಾ ಕಾರ್ಯಕರ್ತೆಯರಿಗೂ ತಿಳಿದಿರಬೇಕು. ಹಲ್ಲಿನ ಡಾಕ್ಟರುಗಳಿಗೂ ಒಂದು ಕೋರಿಕೆ. ಹಲ್ಲು ಕೀಳುವ ಮುನ್ನ ‘ಸುಮ್ ಸುಮ್ನೆ ಮುಖ ಊದಿಕೊಂಡದ್ದು ಇದೆಯಾ?’ ಎಂದು ಒಂದು ಮಾತು ಕೇಳಿ. ಇದೆ ಎಂದರೆ ಅವತ್ತು ಕೀಳಬೇಡಿ. ಮುಂಚಿತವಾಗಿ ಔಷಧ ಕೊಟ್ಟು, ಆಸ್ಪತ್ರೆಯ ಆಸರೆ ಇರುವ ಕಡೆ ಕೀಳಬಹುದು.

ಈ ಪತ್ರ ಓದುತ್ತಿರುವ ಬೇರೆಯವರಿಗೂ ಒಂದು ಮಾತು. ನಿಮ್ಮಲ್ಲಿ ಯಾರಿಗಾದರೂ ತುರಿಕೆ, ಗಂಧೆ ಇಲ್ಲದ ಊತ ಬಂದು ಎರಡು ಮೂರು ದಿನಕ್ಕೆ ಇಳಿಯುತ್ತಿದ್ದರೆ, ಅಲರ್ಜಿ ಮಾತ್ರೆಗೆ ಜಗ್ಗದಿದ್ದರೆ, ಡಾಕ್ಟರ ಹತ್ತಿರ ಸಿ4 ಟೆಸ್ಟ್ ಬಗ್ಗೆ ಕೇಳಿ. ಧ್ವನಿ ಬದಲಾದರೆ, ಎಂಜಲು ನುಂಗಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ದೃಷ್ಟಿ ತೆಗೆಯಿರಿ, ಹರಕೆ ಹೊರಿ, ನಾನು ಬೇಡ ಎನ್ನುವುದಿಲ್ಲ. ಅದನ್ನು ಆಸ್ಪತ್ರೆಯಿಂದ ಬಂದ ಮೇಲೆ ಮಾಡಿ.

ಆಯುಕ್ತರೇ, ಮೇ 16ನ್ನು ಜಗತ್ತಿನ ಹಲವು ದೇಶಗಳಲ್ಲಿ ಎಚ್‌ಎಇ ದಿನ ಎಂದು ಆಚರಿಸುತ್ತಾರೆ. ಬರುವ ಮೇ 16ರೊಳಗೆ ತುರ್ತು ವಿಭಾಗಗಳಿಗೆ ಒಂದು ಪುಟದ ಸುತ್ತೋಲೆ ಹೊರಡಿಸಿ. ಒಂದು ಪುಟ ಸಾಕು. ತುರಿಕೆಯಿಲ್ಲದ ಊತ, ಅಲರ್ಜಿ ಔಷಧಕ್ಕೆ ಜಗ್ಗದ ಊತ, ಬಿಪಿ ಮಾತ್ರೆಯ ಚೀಟಿ, ಉಸಿರಿನ ದಾರಿ, ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂಬ ಫೋನ್ ನಂಬರ್. ಗೋಡೆಗೆ ಅಂಟಿಸುವಷ್ಟು ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲೂ ಇರಲಿ, ಯಾಕೆಂದರೆ ರಾತ್ರಿ ಪಾಳಿಯಲ್ಲಿ ರೋಗಿಯನ್ನು ಮೊದಲು ನೋಡುವವರು ನರ್ಸುಗಳು, ಡಿ ಗ್ರೂಪ್ ನೌಕರರು. ಔಷಧ ಖರೀದಿಗೆ ಸಮಯ ಹಿಡಿಯುತ್ತದೆ, ಗೊತ್ತು. ಮೊದಲು ರಾಜ್ಯದ ನಾಲ್ಕು ಕಂದಾಯ ವಿಭಾಗಗಳಲ್ಲಿ ಒಂದೊಂದು ಆಸ್ಪತ್ರೆಯಿಂದ ಶುರು ಮಾಡಿದರೂ ಆಗುತ್ತದೆ. ನಮ್ಮಂಥ ಕುಟುಂಬದವರು ಬೆಂಗಳೂರಿಗೆ ಬಂದು ನಿಮ್ಮ ಅಧಿಕಾರಿಗಳ ಎದುರು ರಿಪೋರ್ಟುಗಳ ಸಮೇತ ಮಾತಾಡಲು ತಯಾರಿದ್ದೇವೆ. ಸಮಯ ಕೊಡಿ.

ಇಂತಿ ತಮ್ಮ ವಿಶ್ವಾಸಿ,
ತುಮಕೂರು ಜಿಲ್ಲೆಯ ಒಬ್ಬ ಲ್ಯಾಬ್ ಟೆಕ್ನಿಷಿಯನ್